ದುಡಿಮೆಗೂ ಪಾಠಕ್ಕೂ ಒಂದೇ ವೇಳಾಪಟ್ಟಿ: ಕರ್ಮವೀರ ಭಾವುರಾವ ಪಾಟೀಲರ ಜೀವನ



ಜೂನ್ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಶಾಲಾ ಸಮಿತಿಗಳ ಸಭೆಯಲ್ಲಿ ಮೂರು ವಿಷಯ ಬಂದೇ ಬರುತ್ತವೆ. ವೇಳಾಪಟ್ಟಿ ಹೇಗೆ ಹೊಂದಿಸುವುದು? ಕಡಿಮೆ ಬಿದ್ದ ಶಿಕ್ಷಕರನ್ನು ಎಲ್ಲಿಂದ ತರುವುದು? ಹೊಸದೊಂದು ಪದ್ಧತಿ ತಂದರೆ ಪಾಲಕರನ್ನು ಒಪ್ಪಿಸುವುದು ಹೇಗೆ? ನಾನು ನೂಲಿನ ವ್ಯಾಪಾರಿ, ಪಿಯುಸಿವರೆಗೆ ಓದಿದವನು. ಒಂದು ಶಾಲೆಯ ಸಮಿತಿಯಲ್ಲಿ ಸ್ವಯಂಸೇವಕನಾಗಿ ಹಲವು ವರ್ಷ ಈ ಚರ್ಚೆ ಕೇಳಿದ್ದೇನೆ. ನೂರು ವರ್ಷಗಳ ಹಿಂದೆ, ಕೈಯಲ್ಲಿ ಹಣವಿಲ್ಲದೆ ಈ ಮೂರಕ್ಕೂ ದಾರಿ ಕಂಡುಕೊಂಡವರು ನಮ್ಮ ಸಮಾಜದಲ್ಲೇ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರು. ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು.

ನಮ್ಮ ಮುಧೋಳದ ರನ್ನ ಬಳೆಗಾರರ ಮನೆಯ ಹುಡುಗ. ಓದುವ ಆಸೆಗೆ ಊರು ಬಿಟ್ಟು, ದೂರದಲ್ಲಿದ್ದ ಅಜಿತಸೇನಾಚಾರ್ಯರ ಬಳಿ ಕಲಿತು, ಮುಂದೆ ಕವಿಚಕ್ರವರ್ತಿ ಎನಿಸಿಕೊಂಡ. ಆದರೆ ಎಲ್ಲ ಬಡ ಮಕ್ಕಳೂ ರನ್ನನಂತೆ ಊರು ಬಿಟ್ಟು ಹೋಗಲಾರರು. ಅಂಥವರ ಊರಿಗೇ ಶಾಲೆ ಒಯ್ದವರು ಭಾವುರಾವ.

ಜನನ ಮತ್ತು ವಿದ್ಯಾರ್ಥಿ ಜೀವನ

ಅವರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ. ಬಾಹುಬಲಿ ಬೆಟ್ಟದ ದರ್ಶನಕ್ಕೆ ಹೋದವರೆಲ್ಲ ಈ ಊರನ್ನು ಬಲ್ಲರು. ತಂದೆ ಪಾಯಗೌಂಡ ಪಾಟೀಲರು ಕಂದಾಯ ಖಾತೆಯಲ್ಲಿ ಗುಮಾಸ್ತರು, ತಾಯಿ ಗಂಗಾಬಾಯಿ. ಮನೆತನದ ಹಿರಿಯರು ಮೂಡಬಿದಿರೆಯ ಕಡೆಯಿಂದ ಬಂದವರೆಂದು ಹೇಳುತ್ತಾರೆ.

ಓದಲು ಕೊಲ್ಹಾಪುರಕ್ಕೆ ಬಂದು ಅಲ್ಲಿನ ಜೈನ ಬೋರ್ಡಿಂಗಿನಲ್ಲಿ ಉಳಿದರು. ಅದು ಶಾಹೂ ಮಹಾರಾಜರ ಕಾಲ. 1908ರಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ತೆರೆದ ವಸತಿಗೃಹದ ಸಮಾರಂಭಕ್ಕೆ ಭಾವುರಾವ ಹೋಗಿ ಬಂದರು. ಸ್ನಾನ ಮಾಡಿ ಶುದ್ಧನಾಗಿ ಒಳಗೆ ಬಾ ಎಂದು ಬೋರ್ಡಿಂಗಿನವರು ಹೇಳಿದರು. ತಪ್ಪು ಮಾಡದೆ ಶುದ್ಧಿ ಏಕೆಂದು ಅವರು ಒಪ್ಪಲಿಲ್ಲ. ಬೋರ್ಡಿಂಗ್ ಬಿಡಬೇಕಾಯಿತು. ಮೆಟ್ರಿಕ್ ಕೂಡ ಮುಗಿಯಲಿಲ್ಲ. ಇದು ನಮ್ಮ ಸಮಾಜದೊಳಗೇ ನಡೆದ ಸಂಗತಿ. ಮುಚ್ಚಿಡುವುದಕ್ಕಿಂತ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅವರ ಮುಂದಿನ ಕೆಲಸದ ಬೇರು ಇಲ್ಲಿದೆ.

1914ರಲ್ಲಿ ಇನ್ನೊಂದು ಪರೀಕ್ಷೆ ಬಂತು. ಕೊಲ್ಹಾಪುರದಲ್ಲಿ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣದಲ್ಲಿ ಸಮಾಜದ ಮುಖಂಡ ಅಣ್ಣಾಸಾಹೇಬ ಲಠ್ಠೆಯವರನ್ನು ಸಿಲುಕಿಸಲು ಸುಳ್ಳು ಸಾಕ್ಷಿ ಹೇಳೆಂದು ಒತ್ತಾಯವಾಯಿತು. ಭಾವುರಾವ ಒಪ್ಪದೆ ಸೆರೆಮನೆ ಸೇರಿದರು. ಅದೇ ಲಠ್ಠೆಯವರು ಮುಂದೆ ಕೊಲ್ಹಾಪುರದ ದಿವಾನರಾದರು, ಮುಂಬಯಿ ಪ್ರಾಂತ್ಯದ ಹಣಕಾಸು ಮಂತ್ರಿಯಾದರು.

ನೇಗಿಲು ಮಾರುತ್ತ ಕಂಡದ್ದು

ವ್ಯಾಪಾರಿಗಳಾದ ನಮಗೆ ಅವರ ಜೀವನದ ಈ ಭಾಗ ಹತ್ತಿರದ್ದು. ಮನೆಪಾಠ ಹೇಳಿದ ಮೇಲೆ ಅವರು ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಮಾರುವ ಕೆಲಸಕ್ಕೆ ಸೇರಿದರು. ಹಳ್ಳಿ ಹಳ್ಳಿ ಸುತ್ತಿದರು. ರೈತ ಹೊಸ ನೇಗಿಲನ್ನು ಸುಲಭಕ್ಕೆ ಕೊಳ್ಳುವುದಿಲ್ಲ. ಅವನ ಹೊಲದಲ್ಲೇ ಹೂಡಿ ತೋರಿಸಬೇಕು. ಈ ತಿರುಗಾಟದಲ್ಲಿ ಅವರು ಇನ್ನೊಂದನ್ನೂ ಕಂಡರು: ಹಳ್ಳಿಯ ಮಗುವಿಗೆ ಬುದ್ಧಿ ಇದೆ, ಶಾಲೆಯಿಲ್ಲ. ಶಾಲೆ ಇದ್ದಲ್ಲಿ ಉಳಿಯಲು ಜಾಗವಿಲ್ಲ, ಊಟವಿಲ್ಲ.

1919ರ ಅಕ್ಟೋಬರ್ 4ರಂದು, ವಿಜಯದಶಮಿಯ ದಿನ, ಕರಾಡ ತಾಲ್ಲೂಕಿನ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. 1924ರಲ್ಲಿ ಅದು ಸಾತಾರಾಕ್ಕೆ ಬಂತು. ಅಲ್ಲಿ ತೆರೆದ ವಸತಿಗೃಹಕ್ಕೆ 1927ರಲ್ಲಿ ಗಾಂಧೀಜಿಯವರೇ ಬಂದು ಛತ್ರಪತಿ ಶಾಹೂ ಬೋರ್ಡಿಂಗ್ ಎಂದು ಹೆಸರಿಟ್ಟರು.

ವೇಳಾಪಟ್ಟಿ

ಆ ಬೋರ್ಡಿಂಗಿನ ದಿನಚರಿಯನ್ನು ನೋಡಬೇಕು. ಅಡಿಗೆ, ನೀರು ತರುವುದು, ಕಸ ಗುಡಿಸುವುದು, ಬಟ್ಟೆ ಒಗೆಯುವುದು, ಹೊಲದ ಕೆಲಸ, ಎಲ್ಲವೂ ಹುಡುಗರದೇ. ಪಾಠದ ಹೊತ್ತು ಪಾಠ, ದುಡಿಮೆಯ ಹೊತ್ತು ದುಡಿಮೆ. ರಜೆಯಲ್ಲೂ ದುಡಿದು ತಮ್ಮ ಖರ್ಚನ್ನು ತಾವೇ ಹುಟ್ಟಿಸಿಕೊಳ್ಳುತ್ತಿದ್ದರು. ಸ್ವಾವಲಂಬನೆಯ ಶಿಕ್ಷಣವೇ ಸಂಸ್ಥೆಯ ತತ್ವವಾಯಿತು. 1940ರಲ್ಲಿ ಸಾತಾರಾದಲ್ಲಿ ಮಹಾರಾಜಾ ಸಯಾಜಿರಾವ ಹೈಸ್ಕೂಲನ್ನು ಇದೇ ಕ್ರಮದಲ್ಲಿ, ಶುಲ್ಕವಿಲ್ಲದ ವಸತಿ ಶಾಲೆಯಾಗಿ ತೆರೆದರು.

ನಮ್ಮಲ್ಲಿ ವೇಳಾಪಟ್ಟಿ ಎಂದರೆ ಗಂಟೆ ಬಾರಿಸುವ ಕಾಗದ. ಅವರಿಗೆ ಅದು ಬಡ ಹುಡುಗ ಶಾಲೆಯಲ್ಲಿ ಉಳಿಯುವ ಉಪಾಯ. ದುಡಿದೇ ತಿನ್ನಬೇಕಾದ ಮನೆಯ ಮಗುವಿಗೆ ದುಡಿಮೆ ಬಿಟ್ಟು ಬಾ ಎಂದರೆ ಅದು ಬರುವುದಿಲ್ಲ. ದುಡಿಮೆಯನ್ನೇ ಶಾಲೆಯ ದಿನದೊಳಗೆ ತಂದರೆ ಮಗು ಉಳಿಯುತ್ತದೆ, ಕೈಕೆಲಸದ ಮರ್ಯಾದೆಯನ್ನೂ ಕಲಿಯುತ್ತದೆ.

ಒಂದೇ ಪಂಕ್ತಿ

ಅದಕ್ಕಿಂತ ಕಷ್ಟದ ಬದಲಾವಣೆ ಊಟದ ಮನೆಯದು. ಮರಾಠಾ, ಜೈನ, ಮುಸ್ಲಿಂ, ಅಸ್ಪೃಶ್ಯರೆನಿಸಿದವರು, ಎಲ್ಲ ಹುಡುಗರೂ ಒಟ್ಟಿಗೆ ಅಡಿಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಂಡರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಜನ ಅವರನ್ನು ನಂಬಿದ್ದೇಕೆ? ಬದಲಾವಣೆಯ ಬೆಲೆಯನ್ನು ಮೊದಲು ಅವರ ಮನೆಯೇ ತೆತ್ತಿತು. ಪತ್ನಿ ಲಕ್ಷ್ಮೀಬಾಯಿಯವರು ಈ ಮಕ್ಕಳನ್ನು ತಮ್ಮ ಮಕ್ಕಳಂತೆ ನೋಡಿಕೊಂಡರು. ಸಾಂಪ್ರದಾಯಿಕ ಜೈನ ಮನೆತನದಲ್ಲಿ ಬೆಳೆದವರು, ಎಲ್ಲ ಜಾತಿಯ ಮಕ್ಕಳಿಗೂ ತಾಯಿಯಾದರು. ಬೋರ್ಡಿಂಗಿನಲ್ಲಿ ಕಾಳು ತೀರಿದಾಗ ತವರಿನಿಂದ ತಂದ ಒಡವೆ ಒಂದೊಂದಾಗಿ ಹೋಯಿತು, ಕಡೆಗೆ ಮಂಗಳಸೂತ್ರವೂ ಹೋಯಿತು. 1930ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ದೊಡ್ಡದಾದದ್ದನ್ನು ನೋಡುವ ಭಾಗ್ಯ ಆ ತಾಯಿಗಿರಲಿಲ್ಲ.

ಹಳ್ಳಿಗರಿಂದಲೂ ಮುಷ್ಟಿ ಧಾನ್ಯ ಕೂಡಿಸಿದರು. ಮನೆಯ ಹೆಣ್ಣುಮಕ್ಕಳು ದಿನಕ್ಕೊಂದು ಹಿಡಿ ಕಾಳು ತೆಗೆದಿಟ್ಟು ಕೊಟ್ಟರು. ಹಿಡಿ ಕಾಳು ಕೊಟ್ಟವರಿಗೆ ಶಾಲೆ ತಮ್ಮದೆನಿಸಿತು.

ಶಿಕ್ಷಕರು

ಶಾಲೆ ತೆರೆಯುವುದು ಸುಲಭ, ಹಳ್ಳಿಯಲ್ಲಿ ನಿಲ್ಲುವ ಮಾಸ್ತರರು ಸಿಗುವುದು ಕಷ್ಟ. ಪೇಟೆಯಲ್ಲಿ ಬೆಳೆದವರು ಹಳ್ಳಿಗೆ ಬಂದರೂ ವರ್ಗಾವಣೆಯ ದಾರಿ ನೋಡುತ್ತಾರೆ. ಭಾವುರಾವ ಶಿಕ್ಷಕರನ್ನು ಹುಡುಕುತ್ತ ಕೂರದೆ ತಾವೇ ತಯಾರಿಸಿದರು. 1935ರಲ್ಲಿ ಸಾತಾರಾದಲ್ಲಿ ಗ್ರಾಮೀಣ ಶಿಕ್ಷಕರ ತರಬೇತಿ ಕಾಲೇಜು ತೆರೆದರು. ಮುಂದೆ ನೂರಾರು ಹಳ್ಳಿಗಳಲ್ಲಿ ಸ್ವಯಂಪ್ರೇರಿತ ಶಾಲೆಗಳು ಎದ್ದವು.

ಬೋರ್ಡಿಂಗಿನಲ್ಲಿ ಉಂಡು ಬೆಳೆದ ಹುಡುಗರೇ ಮರಳಿ ಬಂದು ಆಜೀವ ಸದಸ್ಯರಾಗಿ ಸಂಸ್ಥೆಗೆ ದುಡಿದರು. ಬಡ ಮನೆಯಿಂದ ಬಂದು ಶಾಹೂ ಬೋರ್ಡಿಂಗಿನಲ್ಲಿ ಓದಿದ ಪಿ. ಜಿ. ಪಾಟೀಲರು ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆದರು. ಕೋರ್ಟಿನ ಗಳಿಕೆ ಬಿಟ್ಟು ಇದೇ ಸಂಸ್ಥೆಯ ಕಾಲೇಜಿನಲ್ಲಿ ಪ್ರಾಚಾರ್ಯರಾದರು, ಮುಂದೆ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಯೂ ಆದರು.

ಅನುದಾನ ನಿಂತಾಗ

1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಗಾಂಧೀಜಿಯವರ ಹತ್ಯೆಯ ನಂತರ ಅವರ ಹೆಸರಿನಲ್ಲಿ 101 ಹೈಸ್ಕೂಲು ತೆರೆಯುವ ಸಂಕಲ್ಪವನ್ನು ಭಾವುರಾವ ಮಾಡಿದರು. ಅದೇ ಹೊತ್ತಿಗೆ ಸರಕಾರದ ಜೊತೆ ವೈಮನಸ್ಸು ಬಂದು ಅನುದಾನ ನಿಂತಿತು. ಸಂಸ್ಥೆ ಮುಚ್ಚಲಿಲ್ಲ. ಜನ ಕೈಬಿಡಲಿಲ್ಲ, ಕಡೆಗೆ ಅನುದಾನ ಮರಳಿತು. ಕಷ್ಟದಲ್ಲಿ ನಿಂತದ್ದು ಹಿಡಿ ಕಾಳಿನ ನಂಟು ಮತ್ತು ತಮ್ಮಲ್ಲೇ ಬೆಳೆದ ಶಿಕ್ಷಕರು.

1954ರಲ್ಲಿ ಕರಾಡದಲ್ಲಿ ಗಾಡಗೆ ಮಹಾರಾಜರ ಹೆಸರಿನ ಕಾಲೇಜು ತೆರೆಯಿತು. 1959ರಲ್ಲಿ ಪುಣೆ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಭಾರತ ಸರಕಾರ ಪದ್ಮಭೂಷಣ ನೀಡಿತು. ಮೆಟ್ರಿಕ್ ಮುಗಿಸದ ವ್ಯಕ್ತಿಗೆ ಸಂದ ಗೌರವವಿದು. ಅದೇ ವರ್ಷ ಮೇ 9ರಂದು ಅವರು ದೇಹ ಬಿಟ್ಟರು. ಆಲದ ಮರ ಅವರ ಸಂಸ್ಥೆಯ ಲಾಂಛನ. ಇಂದು ಅದರ ಶಾಖೆಗಳು 700 ದಾಟಿವೆ.

ನಾವು ಏನು ಮಾಡಬಹುದು

ಒಂದು ವರ್ಷ ನಮ್ಮ ಸಮಿತಿಯ ಶಾಲೆಯಲ್ಲಿ ದೀಪಾವಳಿಗೆ ಮೊದಲೇ ಇಬ್ಬರು ಶಿಕ್ಷಕರು ಬಿಟ್ಟು ಹೋದರು. ವಿಜ್ಞಾನದ ತರಗತಿ ಎರಡು ತಿಂಗಳು ಖಾಲಿ ಕೂತಿತು. ತಪ್ಪು ನಮ್ಮದೇ. ಕಟ್ಟಡಕ್ಕೆ ದೇಣಿಗೆ ಕೂಡಿಸಿದೆವು, ಶಿಕ್ಷಕರ ಬಗ್ಗೆ ಯೋಚಿಸಲಿಲ್ಲ. ಅದಾದ ಮೇಲೆ ನಮ್ಮಲ್ಲೇ ಕಲಿತ ಇಬ್ಬರು ಹೆಣ್ಣುಮಕ್ಕಳ ಬಿ.ಎಡ್. ಖರ್ಚನ್ನು ಕೆಲವರು ಹಂಚಿಕೊಂಡೆವು. ಅವರಲ್ಲಿ ಒಬ್ಬಳು ಈಗ ಅದೇ ತರಗತಿಗೆ ಪಾಠ ಹೇಳುತ್ತಾಳೆ. ಇನ್ನೊಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋದಳು, ಅಲ್ಲಿಯೂ ಶಿಕ್ಷಕಿಯೇ. ನಷ್ಟವೇನಿಲ್ಲ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಎಷ್ಟೋ ಮಕ್ಕಳು ತಂದೆತಾಯಿಯ ಹಿಂದೆ ಹೋಗುತ್ತಾರೆ. ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವ ಕೈ ಹೆಚ್ಚಾಗಿ ಮಕ್ಕಳದೇ. ಶಾಲೆ ಬಿಟ್ಟವರ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಇವರದು. ಅವರಿಗಾಗಿ ಸಂಜೆಯ ಒಂದು ತರಗತಿ, ಹಂಗಾಮಿಗೆ ಉಳಿಯಲು ಒಂದು ಕೋಣೆ, ಎರಡು ಹೊತ್ತು ಊಟ, ಇಷ್ಟು ನಮ್ಮಿಂದ ಆಗದ್ದಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಚತುರ್ವಿಧ ದಾನವನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆ ಬೋರ್ಡಿಂಗಿನಲ್ಲಿ ಅನ್ನವೂ ವಿದ್ಯೆಯೂ ಒಂದೇ ಸೂರಿನಡಿ ಸಿಕ್ಕವು.

ಬರುವ ಜೂನ್ ಸಭೆಗೆ ಹೋಗುವ ಬಂಧುಗಳಲ್ಲಿ ಒಂದು ವಿನಂತಿ. ವೇಳಾಪಟ್ಟಿ ಬರೆಯುವ ಮೊದಲು, ಹೋದ ವರ್ಷ ಶಾಲೆ ಬಿಟ್ಟ ಮಕ್ಕಳ ಪಟ್ಟಿಯನ್ನು ಮೇಜಿನ ಮೇಲೆ ಇಡಿಸಿ.