ಪಿಟೀಲು ಚೌಡಯ್ಯನವರು

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಟಿ. ಚೌಡಯ್ಯನವರು 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಗಾಯಕರು, ಶಿಷ್ಯನ ಕೈಯಲ್ಲಿದ್ದುದು ಪಿಟೀಲು. ಕಂಠದಿಂದ ಹೊರಟ ಗಮಕವನ್ನು ಕಮಾನಿನಲ್ಲಿ ಒಪ್ಪಿಸಬೇಕಾದ ಈ ಕಠಿಣ ಗುರುಕುಲವಾಸ ಸುಮಾರು ಎಂಟು ವರ್ಷ ನಡೆಯಿತು. ಅವರ ವಾದನದಲ್ಲಿ ಹಾಡಿಕೆಯ ಛಾಯೆ ಕೊನೆಯವರೆಗೂ ಉಳಿದುದು ಇದರ ಫಲವೇ ಸರಿ.

ಅದು ಧ್ವನಿವರ್ಧಕವಿಲ್ಲದ ಕಾಲ. ಗುರುಗಳದು ಘನವಾದ ಶಾರೀರ; ಅದರ ಮುಂದೆ ಪಿಟೀಲಿನ ನಾದ ಸಭೆಯ ಹಿಂದಿನ ಸಾಲುಗಳನ್ನು ಮುಟ್ಟುತ್ತಿರಲಿಲ್ಲ. ಪಕ್ಕವಾದ್ಯಗಾರನಿಗೆ ಇದಕ್ಕಿಂತ ಹೆಚ್ಚಿನ ಸಂಕಟ ಬೇರೊಂದಿಲ್ಲ. ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ, 1927ರ ಸುಮಾರಿಗೆ ಅವರು ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಜೋಡಿ ತಂತಿಗಳು ಸ್ಥಾಯಿಭೇದದಿಂದ ಒಟ್ಟಿಗೆ ನುಡಿದು ನಾದ ತುಂಬಿ ಬಂದಿತು. ಆದರೆ ಎರಡು ತಂತಿಗಳನ್ನು ಒಂದೇ ಬೆರಳಿನಡಿ ಶ್ರುತಿಶುದ್ಧವಾಗಿ ಹಿಡಿಯುವುದು ಸಾಮಾನ್ಯ ಸಾಧನೆಯಲ್ಲ. ಸಂಪ್ರದಾಯಸ್ಥರ ಆಕ್ಷೇಪಣೆಯೂ ಇತ್ತು. ಚೌಡಯ್ಯನವರು ವಾದಕ್ಕಿಳಿಯದೆ ವಾದನದಿಂದಲೇ ಉತ್ತರವಿತ್ತರು.

ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದ ಕಚೇರಿಗಳು ದಕ್ಷಿಣದಲ್ಲೆಲ್ಲ ಮನೆಮಾತಾದವು. 1939ರಲ್ಲಿ ಮೈಸೂರು ಆಸ್ಥಾನ ವಿದ್ವಾಂಸ ಪದವಿ, 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಸಂದವು. ‘ತ್ರಿಮಕುಟ’ ಎಂಬ ಅಂಕಿತದಿಂದ ಕೃತಿಗಳನ್ನೂ ರಚಿಸಿದರು.

1967ರ ಜನವರಿ 19ರಂದು ಅವರು ಕಾಲವಶರಾದರು. ಧ್ವನಿವರ್ಧಕ ವೇದಿಕೆಯೇರಿದ ಮೇಲೆ ಏಳು ತಂತಿಯ ಅಗತ್ಯ ಕುಗ್ಗಿತು. ಅದನ್ನು ಕೈಗೆತ್ತಿಕೊಂಡವರು ವಿರಳ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವು ಪಿಟೀಲಿನ ಆಕಾರದಲ್ಲೇ ನಿಂತಿದೆ.