ಸಿಳ್ಳೆ ಹಾಕಬೇಡ, ಆಕಾಶಕ್ಕೆ ಕೇಳಿಸುತ್ತೆ

ಮಕ್ಕಳೇ, ರಾತ್ರಿ ಹೊತ್ತು ಸಿಳ್ಳೆ ಹಾಕಿದರೆ ಊರಲ್ಲಿ ಅಜ್ಜಿ ಗದರುತ್ತಾರೆ: ‘ಸುಮ್ನಿರೋ, ಹಾವು ಬರುತ್ತೆ!’ ನಾವೀಗ ಬಂದು ನೆಲೆಸಿರುವ ಈ ನಾರ್ಡಿಕ್ ದೇಶಗಳ ಉತ್ತರದ ತುದಿಯಲ್ಲೂ ಹಿರಿಯರು ಮಕ್ಕಳನ್ನು ಹೀಗೇ ಗದರುತ್ತಿದ್ದರು. ಚಳಿಗಾಲದಲ್ಲಿ ಹಾವು ಹೊರಗೇ ಬಾರದ ಆ ಊರುಗಳಲ್ಲಿ ಹೆದರಿಸಲು ಅವರಿಗಿದ್ದದ್ದು ಆಕಾಶದ ಬೆಳಕು. ಚಳಿಗಾಲದ ರಾತ್ರಿ ಬಾನಿನಲ್ಲಿ ಹಸಿರು ಸೆರಗಿನಂತೆ ಅಲೆಯಾಡುವ ಆ ಬೆಳಕನ್ನು ಕನ್ನಡದಲ್ಲಿ ಧ್ರುವಪ್ರಭೆ ಎನ್ನುತ್ತೇವೆ. ನಿಮ್ಮ ಶಾಲೆಯಲ್ಲಿ ಅರೋರಾ ಎಂದೋ ನಾರ್ದರ್ನ್ ಲೈಟ್ಸ್ ಎಂದೋ ಕೇಳಿರುತ್ತೀರಿ. ಈ ಸಂಚಿಕೆಯಲ್ಲಿ ಅದರ ಕಥೆಗಳನ್ನು ಹೇಳುತ್ತೇನೆ. ಚಿಕ್ಕವರಿಗೆ ಅಪ್ಪ ಅಮ್ಮ ಓದಿ ಹೇಳಲಿ.

ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರ ಭಾಗದಲ್ಲಿ ಮತ್ತು ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಸಾಮಿ ಜನ ಇದ್ದಾರೆ. ಹಿಮಸಾರಂಗಗಳನ್ನು ಸಾಕುವುದಕ್ಕೆ ಹೆಸರಾದವರು. ಅವರಲ್ಲಿ ಧ್ರುವಪ್ರಭೆಯ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ರೀತಿ ಇತ್ತು. ಸಿಳ್ಳೆ ಹಾಕಬಾರದು, ಕೈ ಬೀಸಿ ಕರೆಯಬಾರದು, ಅಣಕಿಸಬಾರದು. ಅಣಕಿಸಿದ ಹುಡುಗನನ್ನು ಬೆಳಕು ಸರ್ರನೆ ಕೆಳಗಿಳಿದು ಎತ್ತಿಕೊಂಡು ಹೋಯಿತು ಎಂಬ ಕಥೆಗಳಿವೆ. ಬೇಡ ಎಂದರೆ ಮಾಡದೆ ಬಿಡುವ ಮಕ್ಕಳು ಯಾವ ದೇಶದಲ್ಲೂ ಇಲ್ಲವಲ್ಲ, ಉತ್ತರ ನಾರ್ವೆಯಲ್ಲಿ ಮಕ್ಕಳು ಬೇಕೆಂದೇ ಬಿಳಿ ಬಟ್ಟೆ ಬೀಸಿ ಬೆಳಕನ್ನು ಕೆಣಕುತ್ತಿದ್ದರಂತೆ. ಬೆಳಕು ಜೋರಾಗಿ ಕುಣಿಯತೊಡಗಿದರೆ ಮನೆಯೊಳಗೆ ಓಟ! ಹೊರಗೆ ಕೊರೆಯುವ ಚಳಿ, ಕಗ್ಗತ್ತಲು. ಮಕ್ಕಳನ್ನು ಬೇಗ ಒಳಗೆ ಕರೆಸಿಕೊಳ್ಳಲು ದೊಡ್ಡವರಿಗೂ ಈ ಕಥೆ ಅನುಕೂಲವಾಗಿದ್ದೀತು ಎಂಬುದು ನನ್ನ ಅನುಮಾನ.

ಸಿಳ್ಳೆಯ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಈ ಬೆಳಕಿಗೆ ಸದ್ದಿದೆ, ಚಟಪಟ ಎನ್ನುತ್ತದೆ, ಸರಸರ ಎನ್ನುತ್ತದೆ ಎಂದು ಉತ್ತರದ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ವಿಜ್ಞಾನಿಗಳಲ್ಲಿ ಬಹಳ ಜನ ಇದನ್ನು ನಂಬಲಿಲ್ಲ. ಬೆಳಕು ಹುಟ್ಟುವುದು ನೂರು ಕಿಲೋಮೀಟರ್ ಮೇಲೆ. ಅಲ್ಲಿ ಗಾಳಿಯೇ ಇಲ್ಲವೆನ್ನುವಷ್ಟು ತೆಳು, ಸದ್ದು ಬರುವುದಾದರೂ ಹೇಗೆ? ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಉಂಟೊ ಲೈನೆ ಎಂಬ ಪ್ರಾಧ್ಯಾಪಕರು ಮೈಕುಗಳನ್ನಿಟ್ಟು ವರ್ಷಗಟ್ಟಲೆ ಕಾದರು. ಅಂಥ ಸದ್ದು ಸಿಕ್ಕಿದೆ, ಅದು ಹುಟ್ಟಿದ್ದು ನೆಲದಿಂದ ಸುಮಾರು 70 ಮೀಟರ್ ಎತ್ತರದಲ್ಲಿ ಎಂದು 2012ರಲ್ಲಿ ತಿಳಿಸಿದರು. ಎಲ್ಲ ವಿಜ್ಞಾನಿಗಳೂ ಒಪ್ಪಿದ್ದಾರೆ ಎನ್ನಲಾರೆ. ಆದರೂ ಅಜ್ಜಿಯರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ ಎಂದಾಯಿತು.

ಫಿನ್ಲೆಂಡಿನವರ ಕಥೆಯಲ್ಲಿ ಒಂದು ನರಿ ಇದೆ. ಬೆಟ್ಟಗಳ ಮೇಲೆ ನರಿ ಓಡುವಾಗ ಅದರ ಬಾಲ ಹಿಮಕ್ಕೆ ತಾಗಿ ಕಿಡಿ ಎದ್ದು ಆಕಾಶಕ್ಕೆ ಹಾರುತ್ತದೆ. ಇವತ್ತಿಗೂ ಫಿನ್ನಿಷ್ ಭಾಷೆಯಲ್ಲಿ ಧ್ರುವಪ್ರಭೆ ಎಂದರೆ ‘ನರಿಯ ಬೆಂಕಿ’ಯೇ. ಸ್ವೀಡನ್ನಿನ ಮೀನುಗಾರರು ಇನ್ನೊಂದು ಲೆಕ್ಕ ಹಾಕಿದರು. ಸಮುದ್ರದಲ್ಲಿ ಹೆರಿಂಗ್ ಮೀನು ರಾಶಿ ರಾಶಿಯಾಗಿ ಬಂದಿದೆ, ಆ ಬೆಳ್ಳಿ ಹೊಟ್ಟೆಗಳ ಹೊಳಪೇ ಮೋಡದ ಮೇಲೆ ಬಿದ್ದು ಹೀಗೆ ಕಾಣುತ್ತದೆ, ನಾಳೆ ಬಲೆ ತುಂಬುತ್ತದೆ! ಹೆರಿಂಗ್ ನಮ್ಮ ಮಂಗಳೂರಿನ ಬೂತಾಯಿಗೆ ದೂರದ ನೆಂಟ. ಎಸ್ಟೋನಿಯಾದಲ್ಲಿ, ಆಕಾಶದಲ್ಲೊಂದು ಮದುವೆ, ದಿಬ್ಬಣದ ಕುದುರೆಗಳೂ ಜಾರುಬಂಡಿಗಳೂ ಥಳಥಳಿಸುತ್ತಿವೆ ಎಂದರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳವರಿಗೆ ಈ ಬೆಳಕುಗಳು ಖುಷಿಯಿಂದ ಕುಣಿಯುವ ಕುಣಿತಗಾರರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನುಇಟ್ ಜನರ ಕಥೆ. ಗ್ರೀನ್ಲೆಂಡ್, ಕೆನಡಾದ ಉತ್ತರ ಭಾಗ, ಅಲಾಸ್ಕಾ ಅವರ ನಾಡು. ಗ್ರೀನ್ಲೆಂಡಿನವರ ಪ್ರಕಾರ ತೀರಿಹೋದವರು ಆಕಾಶದಲ್ಲಿ ಚೆಂಡಾಟ ಆಡುತ್ತಿದ್ದಾರೆ. ಚೆಂಡು ಯಾವುದು ಗೊತ್ತೇ? ವಾಲ್ರಸ್‌ನ ತಲೆಬುರುಡೆ. ವಾಲ್ರಸ್ ಎಂದರೆ ಉದ್ದ ಕೋರೆಹಲ್ಲಿನ, ಒಂದು ಟನ್ನಿಗೂ ಮೀರಿ ತೂಗಬಲ್ಲ ಕಡಲಪ್ರಾಣಿ. ಅದರ ಬುರುಡೆಯನ್ನು ಒದೆಯುತ್ತ ಸತ್ತವರು ಅತ್ತಿಂದಿತ್ತ ಓಡುವಾಗ ಬೆಳಕೂ ಅತ್ತಿಂದಿತ್ತ ಓಡುತ್ತದೆ. ನಾನು ಬುರುಡೆ ಬಿಡುತ್ತಿಲ್ಲ, ಅವರ ಚೆಂಡೇ ಬುರುಡೆ!

ಇದೇ ಕಥೆ ಅಲಾಸ್ಕಾದ ನುನಿವಾಕ್ ದ್ವೀಪಕ್ಕೆ ಹೋಗುವ ಹೊತ್ತಿಗೆ ತಲೆಕೆಳಗಾಗಿದೆ. ಅಲ್ಲಿ ಆಟಗಾರರು ವಾಲ್ರಸ್‌ಗಳು, ಚೆಂಡು ಮನುಷ್ಯನ ಬುರುಡೆ. ವಾಲ್ರಸ್ ಬೇಟೆಯಾಡುತ್ತಿದ್ದ ಜನ ತಮ್ಮ ಮಕ್ಕಳಿಗೆ ಇಂಥ ಕಥೆ ಹೇಳುತ್ತಿದ್ದರು ಎಂಬುದನ್ನು ಸ್ವಲ್ಪ ಯೋಚಿಸಿ.

ಕೆನಡಾದ ಪೂರ್ವ ತೀರದ ಲ್ಯಾಬ್ರಡಾರ್‌ನಲ್ಲಿ ಅರ್ನೆಸ್ಟ್ ಹಾಕ್ಸ್ ಎಂಬವರು ಬರೆದುಕೊಂಡು 1916ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಇನ್ನೂ ವಿವರ ಇದೆ. ಆಕಾಶ ಗಟ್ಟಿಯಾದ ಗುಮ್ಮಟ, ಅದರಲ್ಲೊಂದು ತೂತು. ಭೂಮಿಯ ಅಂಚಿನಲ್ಲಿ ದೊಡ್ಡ ಕಮರಿ, ಅದರ ಮೇಲೆ ಇಕ್ಕಟ್ಟಾದ ದಾರಿ. ಆ ದಾರಿಯಲ್ಲಿ ಹೊಸದಾಗಿ ತೀರಿಕೊಂಡು ಬರುವವರು ಎಡವದಿರಲಿ ಎಂದು ಮೊದಲೇ ಹೋಗಿ ಸೇರಿದವರು ಪಂಜು ಹಿಡಿದು ನಿಲ್ಲುತ್ತಾರೆ. ನಮಗೆ ಕಾಣುವುದು ಆ ಪಂಜುಗಳ ಬೆಳಕು. ಕೇಳುವ ಸಿಳ್ಳೆಯಂಥ ಸದ್ದು ಅವರು ನಮ್ಮೊಂದಿಗೆ ಮಾತಾಡಲು ಮಾಡುವ ಪ್ರಯತ್ನ. ಅದಕ್ಕೆ ಉತ್ತರ ಕೊಡಬೇಕಾದದ್ದು ಪಿಸುಮಾತಿನಲ್ಲಿ. ಹಾಗೆಂದು ಇನುಇಟ್ ನಾಡಿನಲ್ಲೆಲ್ಲ ಈ ಬೆಳಕು ಒಳ್ಳೆಯದೇ ಎಂದು ತಿಳಿಯಬೇಡಿ. ಅಲಾಸ್ಕಾದ ಪಾಯಿಂಟ್ ಬ್ಯಾರೋದಲ್ಲಿ ಅದನ್ನು ದೂರವಿಡಲು ಜನ ಚಾಕು ಹಿಡಿದು ಓಡಾಡುತ್ತಿದ್ದರು.

ನಾರ್ವೆಯಲ್ಲಿ ಸುಮಾರು 1250ರಲ್ಲಿ ಬರೆದ ‘ರಾಜನ ಕನ್ನಡಿ’ ಎಂಬ ಪುಸ್ತಕವೊಂದಿದೆ. ಇಡೀ ಪುಸ್ತಕ ಅಪ್ಪ ಮಗನ ಮಾತುಕತೆ. ಮಗ ಕೇಳುತ್ತಲೇ ಹೋಗುತ್ತಾನೆ, ಅಪ್ಪ ಬೇಸರಿಸದೆ ಹೇಳುತ್ತಾನೆ. ಗ್ರೀನ್ಲೆಂಡಿನ ಈ ಬೆಳಕೇನು ಎಂದು ಮಗ ಕೇಳಿದಾಗ ಅಪ್ಪ ಮೊದಲು ಅದು ಕಾಣುವ ಬಗೆಯನ್ನು ಹೇಳುತ್ತಾನೆ: ದೂರದಲ್ಲಿ ದೊಡ್ಡ ಬೆಂಕಿ ಹತ್ತಿದಂತೆ, ಚೂಪು ಚೂಪಾದ ಜ್ವಾಲೆಗಳು ಒಮ್ಮೆ ಎತ್ತರ ಒಮ್ಮೆ ತಗ್ಗು, ಕತ್ತಲು ಹೆಚ್ಚಿದಷ್ಟೂ ಬೆಳಕು ಹೆಚ್ಚು. ಆಮೇಲೆ ಜನ ಹೇಳುವ ಮೂರು ಕಾರಣಗಳನ್ನು ಮುಂದಿಡುತ್ತಾನೆ. ಭೂಮಿಯನ್ನು ಸುತ್ತಿದ ಸಮುದ್ರದ ಆಚೆ ಬೆಂಕಿ ಇದೆ, ಅದರ ಬೆಳಕು ಇರಬಹುದು. ಮುಳುಗಿದ ಸೂರ್ಯನ ಕಿರಣ ಕೆಳಗಿನಿಂದ ಬಾನಿಗೆ ತಾಗುತ್ತಿರಬಹುದು. ಇಲ್ಲವೇ ಹಿಮನದಿಗಳು ಒಳಗೆ ಕೂಡಿಟ್ಟ ಬಲವನ್ನು ಜ್ವಾಲೆಯಾಗಿ ಹೊರಬಿಡುತ್ತಿರಬಹುದು. ಯಾವುದು ನಿಜವೋ ತೀರ್ಮಾನಿಸಲಾರೆ, ಕೊನೆಯದು ನನಗೆ ಹೆಚ್ಚು ನಂಬುವಂತಿದೆ ಎನ್ನುತ್ತಾನೆ. ಮೂರೂ ತಪ್ಪು. ಆದರೆ ಇಡೀ ವಿವರಣೆಯಲ್ಲಿ ದೆವ್ವವಿಲ್ಲ, ಶಾಪವಿಲ್ಲ. ಏಳೂವರೆ ಶತಮಾನಕ್ಕೂ ಹಿಂದಿನ ಆ ಅಪ್ಪನ ಮೇಲೆ ನನಗೆ ಬಹಳ ಗೌರವ.

ಇಂಟರ್ನೆಟ್ಟಿನಲ್ಲಿ ನೀವು ಹುಡುಕಿದರೆ ಮೊದಲಿಗೇ ಸಿಗುವುದು ವೈಕಿಂಗರ ಕಥೆ: ಯುದ್ಧದ ಕನ್ಯೆಯರಾದ ವಾಲ್ಕಿರಿಗಳ ಗುರಾಣಿಗಳ ಹೊಳಪೇ ಧ್ರುವಪ್ರಭೆ ಎಂದು. ಕೇಳಲು ಸೊಗಸು. ಅವರ ದೇವರುಗಳ ಕಥೆಗಳಿರುವ ಹಳೆಯ ಎಡ್ಡಾ ಗ್ರಂಥಗಳಲ್ಲಿ ಮಾತ್ರ ಇದಕ್ಕೆ ಸ್ಪಷ್ಟ ಆಧಾರ ಸಿಗುವುದಿಲ್ಲ. ಶಾಲೆಯ ಪ್ರಾಜೆಕ್ಟಿಗೆ ಇದನ್ನು ಬರೆಯುವ ಮುಂಚೆ ಎರಡು ಸಲ ಯೋಚಿಸಿ.

ಈಗ ದಕ್ಷಿಣಕ್ಕೆ ಇಳಿಯೋಣ. ಇಳಿದಂತೆ ಕಥೆಯ ಬಣ್ಣವೇ ಬದಲಾಗುತ್ತದೆ. ರೋಮ್ ಸಾಮ್ರಾಜ್ಯದಲ್ಲಿ ಟೈಬೀರಿಯಸ್ ಚಕ್ರವರ್ತಿಯ ಕಾಲದ ಒಂದು ರಾತ್ರಿ ಆಕಾಶ ಕೆಂಪಗೆ ಉರಿಯಿತು. ಓಸ್ಟಿಯಾ ಬಂದರಿಗೆ ಬೆಂಕಿ ಬಿದ್ದಿದೆ ಎಂದುಕೊಂಡು ಸೈನಿಕರು ಅತ್ತ ಧಾವಿಸಿದರು. ಅಲ್ಲಿ ಎಲ್ಲವೂ ತಣ್ಣಗಿತ್ತು. ರಾತ್ರಿಯ ಬಹುಪಾಲು ಆ ಮಂಕು ಕೆಂಪು, ಹೊಗೆಯಾಡುವ ಬೆಂಕಿಯ ಹಾಗೆ, ಬಾನಿನಲ್ಲಿ ನಿಂತಿತ್ತು ಎಂದು ಸೆನೆಕಾ ಎಂಬ ಪಂಡಿತ ಬರೆದಿಟ್ಟಿದ್ದಾನೆ. ಯುರೋಪಿನ ಬೇರೆ ನಾಡುಗಳಲ್ಲೂ ಇಂಥ ಕೆಂಪು ಕಂಡಾಗಲೆಲ್ಲ ಯುದ್ಧ ಬರುತ್ತದೆ, ರಕ್ತ ಹರಿಯುತ್ತದೆ ಎಂದು ಜನ ನಡುಗಿದರು. ಭೂಮಿಯ ಕೆಳಗಿನ ತುದಿಯಲ್ಲೂ ಧ್ರುವಪ್ರಭೆ ಇದೆ. ಅದನ್ನು ದೂರದಿಂದ ಕಾಣುವ ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳ ಕಥೆಗಳಲ್ಲೂ ಬೆಂಕಿ, ರಕ್ತ, ಸಾವುಗಳೇ ತುಂಬಿವೆ. ನ್ಯೂಜಿಲೆಂಡಿನ ಮಾವೋರಿಗಳಿಗೆ ಅದು, ದೋಣಿಯಲ್ಲಿ ತೀರಾ ದಕ್ಷಿಣಕ್ಕೆ ಹೋದ ಪೂರ್ವಜರು ಹೊತ್ತಿಸಿಕೊಂಡ ಬೆಂಕಿ.

ಒಬ್ಬರನ್ನೊಬ್ಬರು ಕಾಣದ ರೋಮನ್ನರಿಗೂ ಆಸ್ಟ್ರೇಲಿಯಾದವರಿಗೂ ಬೆಂಕಿಯೇ ಏಕೆ ಹೊಳೆಯಿತು? ಶೆಟ್ಲೆಂಡಿನವರಿಗೆ, ಇನುಇಟ್‌ಗಳಿಗೆ ಕುಣಿತವೂ ಚೆಂಡಾಟವೂ ಏಕೆ ಹೊಳೆಯಿತು? ನನಗೆ ತೋರುವ ಉತ್ತರ ಬಣ್ಣದಲ್ಲಿದೆ.

ಸೂರ್ಯನಿಂದ ವಿದ್ಯುತ್ ತುಂಬಿದ ಕಣಗಳು ಸದಾ ಹೊರಹೊಮ್ಮುತ್ತಿರುತ್ತವೆ. ಭೂಮಿಯ ಕಾಂತಕ್ಷೇತ್ರ ಅವುಗಳಲ್ಲಿ ಹೆಚ್ಚಿನವನ್ನು ಪಕ್ಕಕ್ಕೆ ಸರಿಸುತ್ತದೆ. ಆ ತಳ್ಳಾಟದಲ್ಲಿ ಚುರುಕುಗೊಂಡ ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ಗೆರೆಗಳ ಜಾಡು ಹಿಡಿದು ಧ್ರುವಗಳ ಸುತ್ತ ಕೆಳಗೆ ಧುಮುಕಿ ಗಾಳಿಯ ಅಣು, ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಪೆಟ್ಟು ತಿಂದ ಆಕ್ಸಿಜನ್ 100ರಿಂದ 150 ಕಿ.ಮೀ. ಎತ್ತರದಲ್ಲಿ ಹಸಿರು ಬೆಳಕು ಬಿಡುತ್ತದೆ. 200 ಕಿ.ಮೀ.ಗಿಂತ ಮೇಲಾದರೆ ಕೆಂಪು. ಈ ಕೆಂಪು ಬಲು ಸೋಮಾರಿ. ಪೆಟ್ಟು ಬಿದ್ದ ಆಕ್ಸಿಜನ್ ಪರಮಾಣು ಅದನ್ನು ಹೊರಬಿಡಲು ಸುಮಾರು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಕೆಳಗೆ ಗಾಳಿ ದಟ್ಟ. ಎರಡು ನಿಮಿಷದೊಳಗೆ ಇನ್ನೊಂದು ಅಣು ಬಂದು ಗುದ್ದಿ ಆ ಶಕ್ತಿಯನ್ನು ಕಸಿದುಬಿಡುತ್ತದೆ. ಹಾಗಾಗಿ ಕೆಂಪಿಗೆ ಜಾಗ ಮೇಲೆ ಮಾತ್ರ. ಸೆರಗಿನ ಕೆಳಗಿನ ಗುಲಾಬಿ ಅಂಚು ಇದೆಯಲ್ಲ, ಅದು ನೈಟ್ರೋಜನ್ನಿನದು.

ಭೂಮಿ ದುಂಡಗಿರುವುದರಿಂದ 100 ಕಿ.ಮೀ. ಎತ್ತರದ ಹಸಿರು ಸುಮಾರು 1,100 ಕಿ.ಮೀ. ದೂರದವರೆಗಷ್ಟೇ ಕಂಡೀತು, ಆಮೇಲೆ ದಿಗಂತದ ಕೆಳಗೆ ಮರೆಯಾಗುತ್ತದೆ. 400 ಕಿ.ಮೀ. ಎತ್ತರದ ಕೆಂಪು ಅದರ ಎರಡರಷ್ಟು ದೂರಕ್ಕೂ ಕಾಣುತ್ತದೆ. ಉತ್ತರದವರ ನೆತ್ತಿಯ ಮೇಲೆ ಹಸಿರು ಕುಣಿಯುತ್ತದೆ, ಅದೂ ಪದೇ ಪದೇ. ರೋಮಿನವನಿಗೆ ಎಂದೋ ಒಮ್ಮೆ, ಅದೂ ದಿಗಂತದಂಚಿನಲ್ಲಿ, ಅಲುಗಾಡದ ಕೆಂಪು ಮಾತ್ರ. ಬೆಂಕಿ ಎಂದುಕೊಳ್ಳದೆ ಅವನು ಇನ್ನೇನು ಅಂದುಕೊಂಡಾನು?

ಇದನ್ನೆಲ್ಲ ಬಿಡಿಸುವುದರಲ್ಲಿ ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲಾಂಡ್ ಅವರದು ದೊಡ್ಡ ಹೆಸರು. 1899ರಲ್ಲಿ ಆಲ್ಟಾ ಬಳಿಯ ಹಾಲ್ಡೆ ಬೆಟ್ಟದ ಮೇಲೆ ಕಲ್ಲಿನ ವೀಕ್ಷಣಾಲಯ ಕಟ್ಟಿಸಿ ಚಳಿಗಾಲ ಕಳೆದವರು. ಆಮೇಲೆ ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ಆಯಸ್ಕಾಂತದ ಪುಟ್ಟ ಭೂಮಿಯನ್ನಿಟ್ಟು, ಅದರ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಧ್ರುವಗಳ ಸುತ್ತ ಬೆಳಕಿನ ಬಳೆ ಬರಿಸಿ ತೋರಿಸಿದರು. ನಾರ್ವೆಯ ಹಿಂದಿನ 200 ಕ್ರೋನರ್ ನೋಟಿನ ಮೇಲೆ ಅವರ ಮುಖವಿತ್ತು.

‘ನಮ್ಮೂರಲ್ಲಿ ಯಾಕೆ ಕಾಣಲ್ಲ?’ ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಕರ್ನಾಟಕ ಧ್ರುವದಿಂದ ತೀರಾ ದೂರ. ಆದರೆ ಭಾರತದಲ್ಲಿ ಕಂಡೇ ಇಲ್ಲ ಎನ್ನುವಂತಿಲ್ಲ. 1872ರ ಫೆಬ್ರುವರಿ 4ರಂದು ಎದ್ದ, ಸೂರ್ಯನ ಕಣಗಳ ಭಾರಿ ಬಿರುಗಾಳಿಯ ಹೊತ್ತಿಗೆ ಮುಂಬೈನಲ್ಲೂ ಧ್ರುವಪ್ರಭೆ ಕಂಡ ದಾಖಲೆ ಇದೆ. 2024ರ ಮೇ 10ರ ರಾತ್ರಿ, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದನ್ನು ಅಲ್ಲಿನ ವೀಕ್ಷಣಾಲಯದ ಕ್ಯಾಮರಾಗಳು ಸೆರೆಹಿಡಿದವು. ಬಣ್ಣ ಕೆಂಪೇ ಏಕೆ ಎಂದು ಈಗ ನೀವೇ ಹೇಳಬಲ್ಲಿರಿ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಸೂರ್ಯನನ್ನು ನೋಡಲು ಇಸ್ರೋ 2023ರ ಸೆಪ್ಟೆಂಬರ್ 2ರಂದು ಹಾರಿಸಿದ ಆದಿತ್ಯ ಎಲ್1 ನೌಕೆಯ ಮುಖ್ಯ ಉಪಕರಣವನ್ನು ಕಟ್ಟಿದ್ದೂ ಅದೇ ಸಂಸ್ಥೆ, ಹೊಸಕೋಟೆಯ ತನ್ನ ಕೇಂದ್ರದಲ್ಲಿ. ಆದಿತ್ಯ ಈಗ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿದೆ. 2024ರ ಮೇ ತಿಂಗಳಲ್ಲಿ ಎದ್ದ ಅಂಥದೇ ಬಿರುಗಾಳಿಯ ಕಣಗಳು ಅದಕ್ಕೂ ತಾಗಿದವು.

ದೊಡ್ಡವರಿಗೊಂದು ಮಾತು: ನೋಡಲು ಹೋಗುವುದಾದರೆ ಊರಿನ ದೀಪಗಳಿಂದ ದೂರ ಹೋಗಿ, ಬಾನು ಶುಭ್ರವಾಗಿರಲಿ. ಸೆಪ್ಟೆಂಬರ್ ಕೊನೆ ಮತ್ತು ಮಾರ್ಚ್ ತಿಂಗಳ ಆಸುಪಾಸು ಅವಕಾಶ ಹೆಚ್ಚು. ಫೋಟೋದಲ್ಲಿ ಕಾಣುವಷ್ಟು ಗಾಢ ಬಣ್ಣ ಕಣ್ಣಿಗೆ ಕಾಣದಿರಬಹುದು ಎಂದು ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅಲ್ಲೇ ರಗಳೆ.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ತರಗತಿಯ ಗೆಳೆಯರನ್ನು, ಅವರ ಅಜ್ಜ ಅಜ್ಜಿಯರನ್ನು, ಪಕ್ಕದ ಮನೆಯ ಹಿರಿಯರನ್ನು ಕೇಳಿ: ಚಿಕ್ಕವರಿದ್ದಾಗ ಈ ಬೆಳಕಿನ ಬಗ್ಗೆ ಅವರಿಗೆ ಮನೆಯಲ್ಲಿ ಏನು ಹೇಳಿದ್ದರು? ಕೇಳಿದ್ದನ್ನು ಕನ್ನಡದಲ್ಲಿ, ಒಂದು ಪುಟ ಮೀರದಂತೆ, ಕೈಬರಹದಲ್ಲೇ ಬರೆದು ಈ ಪತ್ರಿಕೆಯ ಸಂಪಾದಕರಿಗೆ ಕೊಡಿ. ಜತೆಗೊಂದು ಚಿತ್ರವೂ ಇರಲಿ. ಒತ್ತು, ದೀರ್ಘ ತಪ್ಪಿದರೆ ನಾವು ತಿದ್ದಿಕೊಳ್ಳುತ್ತೇವೆ, ಕಥೆ ಮಾತ್ರ ನೀವು ಕೇಳಿದ್ದೇ ಆಗಿರಬೇಕು.