ಬದಲಿ ಆಟಗಾರನಿಲ್ಲದ ಶಿಕ್ಷೆ

ನಮ್ಮ ಚಿಂತಾಕಿ ಕಡೆ ಕಬಡ್ಡಿ ಗೊತ್ತಿಲ್ಲದವರಿಲ್ಲ. ಔಟಾದವನು ತನ್ನ ತಂಡ ಎದುರಾಳಿಯೊಬ್ಬನನ್ನು ಔಟ್ ಮಾಡುವವರೆಗೆ ಹೊರಗೆ ಕೂರಬೇಕು. ಬಾಸ್ಕೆಟ್‌ಬಾಲ್‌ನ ಮೊದಲ ನಿಯಮಗಳಲ್ಲೂ ಹೆಚ್ಚುಕಡಿಮೆ ಇಂಥದ್ದೇ ಒಂದಿತ್ತು. ಅದನ್ನು ಬರೆದವರು ಜೇಮ್ಸ್ ನೈಸ್ಮಿತ್.

1861ರಲ್ಲಿ ಕೆನಡಾದಲ್ಲಿ ಹುಟ್ಟಿದ ಅವರು ಒಂಬತ್ತನೇ ವಯಸ್ಸಿಗೇ ತಂದೆ-ತಾಯಿಯನ್ನು ಕಳೆದುಕೊಂಡರು. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಮರ ಕಡಿಯುವ ಕೆಲಸಕ್ಕೆ ಹೋದರು, ಮತ್ತೆ ಬಂದು ಓದಿ ಪದವಿ ಪಡೆದರು.

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 18 ವಿದ್ಯಾರ್ಥಿಗಳಿಗೆ ಹೊಸ ಆಟ ಕಲಿಸಿದರು. ಹಣ್ಣಿನ ಬುಟ್ಟಿಗಳೇ ಗೋಲು. ಆ ಮೊದಲ ಆಟ ಗುದ್ದಾಟವಾಯಿತು, ಒಬ್ಬ ಪ್ರಜ್ಞೆ ತಪ್ಪಿ ಬಿದ್ದ ಎಂದು ಅವರೇ ಮುಂದೆ ರೇಡಿಯೋದಲ್ಲಿ ನೆನೆದಿದ್ದರು.

ಅವರ 13 ನಿಯಮಗಳಲ್ಲಿ ಐದನೆಯದೇ ನನಗೆ ಮುಖ್ಯ. ತಳ್ಳುವುದು, ಹೊಡೆಯುವುದು ಫೌಲ್. ಎರಡನೇ ಸಲ ಮಾಡಿದರೆ ಮುಂದಿನ ಗೋಲಿನವರೆಗೆ ಹೊರಗೆ. ಗಾಯ ಮಾಡುವ ಉದ್ದೇಶ ಕಂಡರೆ ಪೂರ್ತಿ ಆಟದಿಂದಲೇ ಹೊರಗೆ, ಅವನ ಜಾಗಕ್ಕೆ ಇನ್ನೊಬ್ಬ ಬರುವಂತಿಲ್ಲ. ಕಠಿಣವೇ, ಆದರೆ ಪೆಟ್ಟು ತಿಂದವನ ಪರವಾದ ನಿಯಮ. ಇಂದು ಹೊರಹಾಕಿದವನ ಜಾಗಕ್ಕೂ ಬದಲಿ ಬರುತ್ತಾನೆ. ಗಾಯಾಳುವಿಗೆ ರಕ್ತ ಬರುತ್ತಿದ್ದರೆ ರೆಫರಿ ಅವನನ್ನು ಬದಲಿಸಲೇಬೇಕು.

1898ರಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದ ನೈಸ್ಮಿತ್, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ತಮ್ಮ ಆಟವನ್ನು ಕಣ್ಣಾರೆ ಕಂಡರು. 1939ರಲ್ಲಿ ತೀರಿಕೊಂಡರು.